ಕತ್ರಿ ಮಾವನ ಬಿಳಿ ಮೊಲ

ಬೀದಿಯ ಮಕ್ಕಳೆಲ್ಲ ಅವನನ್ನು ಕತ್ರಿ ಮಾವ ಎನ್ನುತ್ತಿದ್ದರು. ಎರಡು ಕುರ್ಚಿ, ಒಂದು ಉದ್ದನೆಯ ಕನ್ನಡಿ ಇದ್ದ ಸಣ್ಣ ಸಲೂನು ಅವನದು. ಮಷೀನಿನ ಸದ್ದಿಗೇ ಕಿರುಚುವ ಮಕ್ಕಳು ಅಲ್ಲಿ ಮಾತ್ರ ತೆಪ್ಪಗೆ ಕೂರುತ್ತಿದ್ದರು. ಕನ್ನಡಿಯ ಕೆಳಗಿನ ಪಂಜರದಲ್ಲಿ ಎರಡು ಮೊಲಗಳಿದ್ದವು, ಒಂದು ಬಿಳಿ, ಇನ್ನೊಂದು ಬೂದು. "ಅಲ್ಲಾಡಿದ್ರೆ ನಿನ್ನ ಕಿವೀನೂ ಅಷ್ಟುದ್ದ ಎಳೀತೀನಿ ನೋಡು" ಎಂದು ಅವನು ನಗಿಸುತ್ತಿದ್ದ. ಮಾರಿದವನು "ಎರಡೂ ಹೆಣ್ಣೇ, ತಲೆಬಿಸಿ ಇಲ್ಲ" ಎಂದಿದ್ದ. ಕತ್ರಿ ಮಾವ ಎತ್ತಿ ನೋಡುವ ಗೋಜಿಗೆ ಹೋಗಿರಲಿಲ್ಲ.

ಅವನು ಚೊಕ್ಕಟದ ಮನುಷ್ಯ. ಒಂದು ಸಂಜೆ ಬಿಳಿ ಮೊಲ ತನ್ನ ಎದೆಯ ತುಪ್ಪಳವನ್ನು ಬಾಯಿಂದ ಕಿತ್ತು ಕಿತ್ತು ಮೂಲೆಯಲ್ಲಿ ರಾಶಿ ಹಾಕುತ್ತಿತ್ತು. ಯಾವುದೋ ಚರ್ಮದ ಕಾಯಿಲೆ, ಗಿರಾಕಿಗಳ ಕಣ್ಣಿಗೆ ಬಿದ್ದರೆ ಕೆಟ್ಟೆ ಎಂದು ಅವನಿಗೆ ಗಾಬರಿಯಾಯಿತು. ತುಪ್ಪಳವನ್ನೆಲ್ಲ ಗುಡಿಸಿ ಕಸದ ಬುಟ್ಟಿಗೆ ಹಾಕಿದ. ಪಂಜರದ ತಗಡನ್ನು ತೊಳೆದು ಒರೆಸಿದ. ಮೊಲದ ಬೋಳು ಎದೆಗೆ ಎಣ್ಣೆ ಸವರಿ ಮನೆಗೆ ಹೋದ.

ಬೆಳಿಗ್ಗೆ ಷಟರ್ ಎತ್ತಿದಾಗ ಆ ತಣ್ಣನೆಯ ತಗಡಿನ ಮೇಲೆ ಹೆಬ್ಬೆರಳಿನಷ್ಟು ಗಾತ್ರದ ಮರಿಗಳು ಚೆಲ್ಲಾಪಿಲ್ಲಿ ಬಿದ್ದಿದ್ದವು. ಮೈಮೇಲೆ ಒಂದೆಳೆ ಕೂದಲಿಲ್ಲ, ಕಣ್ಣು ತೆರೆದಿಲ್ಲ. ತಾಯಿ ದೂರದಲ್ಲಿ ಮುದುಡಿ ಕುಳಿತಿತ್ತು.

ಫೋನು ಮಾಡಿದ್ದಕ್ಕೆ ಹೆಂಡತಿ ಓಡಿ ಬಂದಳು. ಪಂಜರ ನೋಡಿದಳು, ಕಸದ ಬುಟ್ಟಿ ನೋಡಿದಳು.

"ಅದು ಮರಿಗಳಿಗೆ ಹಾಸಿಗೆ ಮಾಡ್ತಿತ್ತು ಕಣ್ರೀ. ಗುಡಿಸಿ ಹಾಕಿದ್ರಾ?"



ಒಂದು ಮರಿ ಇನ್ನೂ ಮಿಸುಕುತ್ತಿತ್ತು. ಅವಳು ಅದನ್ನೆತ್ತಿ ಬಟ್ಟೆಯೊಳಗೆ ಎದೆಗೆ ಒತ್ತಿಕೊಂಡು ಗಿರಾಕಿಗಳ ಬೆಂಚಿನ ಮೇಲೆ ಕುಳಿತಳು. ಬಂದವರನ್ನು ಅವನು ಬಾಗಿಲಿಂದಲೇ ಕಳಿಸಿದ. ಮಧ್ಯಾಹ್ನದ ಹೊತ್ತಿಗೆ ಅದೂ ತಣ್ಣಗಾಯಿತು.

ಸಂಜೆ ಎರಡು ಮೊಲಗಳನ್ನೂ ಪಶುವೈದ್ಯೆಯ ಬಳಿ ಒಯ್ದ.

"ಬೂದು ಬಣ್ಣದ್ದು ಗಂಡು ಕಣಪ್ಪ," ಎಂದರು ಆಕೆ. "ಹೆತ್ತ ಮೇಲೂ ಇವೆರಡು ಒಟ್ಟಿಗೇ ಇದ್ವಾ?"

"ಇದ್ವು ಡಾಕ್ಟ್ರೇ."

"ಹಾಗಾದ್ರೆ ಮತ್ತೆ ಗಬ್ಬ ಕಟ್ಟಿರಬಹುದು. ಮೊಲಗಳಿಗೆ ಹೆತ್ತ ದಿನವೇ ಕಟ್ಟುತ್ತೆ. ಇದಿರೋ ನಿತ್ರಾಣಕ್ಕೆ ಗರ್ಭ ತೆಗೆಯೋ ಆಪರೇಷನ್ ತಡ್ಕೊಳ್ಳಲ್ಲ. ಬೇರೆ ಬೇರೆ ಇಡಿ, ಕಾದು ನೋಡೋಣ."

ಗಂಡಿಗೆ ಬೀಜ ತೆಗೆಸಿ ಅಂಗಡಿಯಲ್ಲೇ ಇಟ್ಟ. ಬಿಳಿ ಮೊಲ ಮನೆಗೆ ಬಂತು. ಹೆಂಡತಿ ಮರದ ಪೆಟ್ಟಿಗೆಗೆ ಒಣಹುಲ್ಲು ಹಾಸಿ, ಕೈಯಾರೆ ಸೊಪ್ಪು ತಿನ್ನಿಸಿದಳು. ಮೊಲದ ಹೊಟ್ಟೆ ತುಂಬಿಕೊಂಡಿತು, ಬೆನ್ನುಮೂಳೆ ಮಾತ್ರ ಎದ್ದು ಕಾಣುತ್ತಿತ್ತು. ಮತ್ತೆ ತುಪ್ಪಳ ಕೀಳತೊಡಗಿದಾಗ ಇಬ್ಬರೂ ಪೆಟ್ಟಿಗೆಯ ಹತ್ತಿರ ಸುಳಿಯಲಿಲ್ಲ. ಆದರೆ ಮರಿ ಅಡ್ಡ ಸಿಕ್ಕಿಕೊಂಡಿತ್ತು. ಹಗಲೆಲ್ಲ ನೋವು ತಿಂದ ಮೊಲ ವೈದ್ಯೆಯ ಮೇಜಿನ ಮೇಲೆ ಪ್ರಾಣ ಬಿಟ್ಟಿತು. ಹೊಟ್ಟೆಯಲ್ಲಿದ್ದವೂ ಉಳಿಯಲಿಲ್ಲ.

ಮನೆಯ ಹಿಂದೆ ಗೋಡೆಯ ಪಕ್ಕ ಅಗೆದು ಹೂತ. ಕೈ ತೊಳೆಯಲು ಹೆಂಡತಿ ನೀರು ಹೊಯ್ದಳು.

"ನಮ್ಮದನ್ನ ಎಲ್ಲಿ ಮಣ್ಣು ಮಾಡಿದ್ರಿ?"

ಅವನ ಕೈ ಹಾಗೇ ನಿಂತಿತು. ಎಷ್ಟೋ ವರ್ಷದ ಹಿಂದೆ ಅವರ ಹೆಣ್ಣುಮಗು ಸತ್ತೇ ಹುಟ್ಟಿತ್ತು. ಅವಳಿಗೆ ಮಂಪರು ಇಳಿಯುವಷ್ಟರಲ್ಲಿ ಎಲ್ಲ ಮುಗಿದುಹೋಗಿತ್ತು. ಆಮೇಲೆ ಇಬ್ಬರೂ ಅದರ ಸುದ್ದಿ ಎತ್ತಿರಲಿಲ್ಲ.

"ಆಸ್ಪತ್ರೆಯವರೇ ತಗೊಂಡು ಹೋದ್ರು ಕಣೇ. ಎಲ್ಲಿಗೆ ಅಂತ ನಾನು ಕೇಳ್ಲಿಲ್ಲ."

"ಕೇಳ್ಲೇ ಇಲ್ವಾ?"

"ಇಲ್ಲ."

ಅವಳು ಚೊಂಬು ಕೆಳಗಿಟ್ಟು ಮೆಟ್ಟಿಲ ಮೇಲೆ ಕುಳಿತಳು.

"ಮುಖ ನೋಡಿದ್ರಾ? ಹೇಗಿತ್ತು ಹೇಳಿ."

ಅವನು ಅವಳ ಪಕ್ಕದಲ್ಲಿ ಕುಳಿತು ನೆನಪಿದ್ದಷ್ಟನ್ನೂ ಹೇಳಿದ. ನೆನಪಿದ್ದದ್ದು ಹೆಚ್ಚೇನೂ ಇರಲಿಲ್ಲ.