ಇಪ್ಪತ್ತಮೂರನೆಯ ಚುಕೊ

ನರೀನ್ ಪಟ್ಟಣದ ಮ್ಯೂಸಿಯಂ ಹಿಂದಿನ ಮೂಳೆಕೋಣೆಯಲ್ಲಿ ಬೆಳಗಿನ ಆರಕ್ಕೇ ಒಲೆ ಹೊತ್ತಿದೆ. ಕಿಟಕಿಯಾಚೆ ಬೆಟ್ಟದ ನೆತ್ತಿ ಮಾತ್ರ ಬೆಳ್ಳಗಾಗಿದೆ. ಐವತ್ತನಾಲ್ಕು ವರ್ಷದ ಜೂರಾಕಾನ್ ನೆಲಕ್ಕೆ ಹಾಸಿದ ಕಂಬಳಿಯ ಮೇಲೆ ಮಂಡಿಯೂರಿ ಕೂತು ಚುಕೊ ಎಣಿಸುತ್ತಿದ್ದಾರೆ. ಕುರಿಯ ಹಿಂಗಾಲಿನ ಗಿಣ್ಣಿನೊಳಗೆ ಸಿಗುವ, ಹೆಬ್ಬೆರಳ ತುದಿಗಿಂತ ತುಸು ದೊಡ್ಡದಾದ ಮೂಳೆ ಅದು. ಇಲ್ಲಿನ ಮಕ್ಕಳು ದಾಳದಂತೆ ಎಸೆದು ಆಡುತ್ತಾರೆ. ಜೂರಾಕಾನ್ ಎಣಿಸುವುದೂ ಹಾಗೆಯೇ, ಒಂದೊಂದನ್ನೇ ಎಸೆಯುತ್ತ.

ಇಪ್ಪತ್ತೆರಡು ಚುಕೊ ನಾಲ್ಕು ಮಗ್ಗುಲುಗಳಲ್ಲಿ ಯಾವುದೋ ಒಂದರ ಮೇಲೆ ನೆಟ್ಟಗೆ ಕೂರುತ್ತವೆ. ಇಪ್ಪತ್ತಮೂರನೆಯದು ಉರುಳಿ, ತೂಗಾಡಿ, ಓರೆಯಾಗಿ ನಿಲ್ಲುತ್ತದೆ. ಮತ್ತೆ ಎಸೆಯುತ್ತಾರೆ. ಮತ್ತೆ ಓರೆ. ಮೂರನೆಯ ಸಲಕ್ಕೆ ಅದನ್ನೆತ್ತಿ ದೀಪಕ್ಕೆ ಹಿಡಿಯುತ್ತಾರೆ. ಆಮೇಲೆ ಚಪ್ಪಲಿ ಕಳಚಿ, ತಮ್ಮದೇ ಪಾದದ ಮಣಿಗಂಟನ್ನು ಬೆರಳಿಂದ ಒತ್ತಿ ಒತ್ತಿ ನೋಡಿಕೊಳ್ಳುತ್ತಾರೆ.

"ಅಯ್ಯೋ ಕಂದಾ," ಎನ್ನುತ್ತಾರೆ ಆ ಮೂಳೆಗೆ. "ನೀನಿಲ್ಲಿ ಏನ್ ಮಾಡ್ತಿದ್ದೀಯ?"

ಅಂದು ಗುರುವಾರ. ಮರುದಿನ ನದಿಯಂಚಿನ ಹಳ್ಳಿಯವರು ತಮ್ಮ ಹಿರಿಯರ ಮೂಳೆಗಳನ್ನು ಒಯ್ಯಲು ಬರುವವರಿದ್ದಾರೆ. ವಸಂತದ ಪ್ರವಾಹಕ್ಕೆ ದಂಡೆ ಕುಸಿದು ಹಳೆಯ ಗೋರಿಗಳು ಒಡೆದಾಗ, ಈ ಚುಕೊಗಳೂ ಸೇರಿ ಸಿಕ್ಕಿದ್ದನ್ನೆಲ್ಲ ಅವರೇ ನಾಲ್ಕು ಹಿಟ್ಟಿನ ಚೀಲಗಳಲ್ಲಿ ತುಂಬಿ ಇಲ್ಲಿಗೆ ತಂದಿದ್ದರು. ಒಬ್ಬ ಗಂಡಸು, ಒಬ್ಬ ಹೆಂಗಸು ಎಂದು ವರದಿ ಹೋಗಿದೆ. ಊರಲ್ಲಿ ಎರಡು ಗುಂಡಿ ತೋಡಿದ್ದಾರೆ, ಸುತ್ತಿ ಹೂಳಲು ಎರಡು ಜೊತೆ ಬಿಳಿ ಬಟ್ಟೆ ಕೊಂಡಿದ್ದಾರೆ. ಜೂರಾಕಾನ್ ಕೈಯಲ್ಲಿರುವುದು ಮಗುವಿನ ಮೂಳೆಯೇ ಆಗಿದ್ದರೆ, ಆ ಮಗುವಿಗೆ ಗುಂಡಿಯೂ ಇಲ್ಲ, ಬಟ್ಟೆಯೂ ಇಲ್ಲ. ಉಳಿದಿರುವುದು ಒಂದೇ ದಿನ.

ಜೂರಾಕಾನ್ ಮೂಳೆ ಕಲಿತದ್ದು ಅಪ್ಪನ ಅಡುಗೆಮನೆಯಲ್ಲಿ. ಇಲ್ಲಿ ಔತಣಕ್ಕೆ ಕೊಯ್ದ ಕುರಿಯ ಮೂಳೆಯನ್ನು ಯಾರೂ ಒಡೆಯುವುದಿಲ್ಲ. ಕೀಲು ಹುಡುಕಿ ಬಿಡಿಸುತ್ತಾರೆ. ಯಾವ ಮೂಳೆ ಯಾರ ತಟ್ಟೆಗೆ ಎಂಬುದಕ್ಕೆ ವಯಸ್ಸಿನ ಲೆಕ್ಕವಿದೆ. "ಒಂದ್ಸಲ ಸೊಂಟದ ಮೂಳೆ ಹಿರಿಯರನ್ನ ಬಿಟ್ಟು ಅಳಿಯನ ತಟ್ಟೆಗೆ ಹಾಕ್ಬಿಟ್ಟೆ. ಅಪ್ಪ ಮೂರು ದಿನ ಮಾತಾಡ್ಲಿಲ್ಲ. ಆಮೇಲೆ ಕತ್ತಲಲ್ಲೂ ತಪ್ಪಿಲ್ಲ ನಾನು," ಎನ್ನುತ್ತಾರೆ.

ಹದಿನೆಂಟು ವರ್ಷ ಶಾಲೆಯಲ್ಲಿ ಅಡುಗೆ ಮಾಡಿದರು. ಇದನ್ನು ಬರೆಯುತ್ತಿರುವ ನಾನೂ ಇದೇ ಪಟ್ಟಣದ ನಿವಾಸಿ, ನನ್ನ ಮಗಳು ಅವರ ಕೈಯ ಸಾರು ಕುಡಿದೇ ಬೆಳೆದವಳು. ಶಾಲೆಯ ಅಡುಗೆಮನೆ ಮುಚ್ಚಿದ ವರ್ಷವೇ ಗಂಡ ಹಾಸಿಗೆ ಹಿಡಿದರು. ಎರಡು ಹೆಣ್ಣುಮಕ್ಕಳು ಇನ್ನೂ ಓದುತ್ತಿದ್ದರು. ಮ್ಯೂಸಿಯಮ್ಮಿನ ನೆಲ ಒರೆಸುವ ಕೆಲಸ ಸಿಕ್ಕಿತು. ಒಂದು ದಿನ ಮೇಜು ಒರೆಸಲೆಂದು ಅಸ್ಥಿಪಂಜರವೊಂದನ್ನು ಪೂರಾ ಎತ್ತಿಟ್ಟು, ಒರೆಸಿ, ಮತ್ತೆ ಜೋಡಿಸಿದರು. ಆಗಿನ ಮುಖ್ಯಸ್ಥರು ಬಂದು ನೋಡಿದರೆ ಹೆಚ್ಚುಕಮ್ಮಿ ಎಲ್ಲವೂ ಸರಿಯಾಗಿತ್ತು. ಹೆಗಲ ಮೂಳೆಗಳು ಮಾತ್ರ ಕುರಿಗಿರುವಂತೆ ಪಕ್ಕೆಲುಬುಗಳ ಪಕ್ಕಕ್ಕೆ ಅಂಟಿಕೊಂಡಿದ್ದವು. "ಮುದುಕ ನಕ್ಕೂ ನಕ್ಕೂ ಕೆಮ್ಮೋಕೆ ಶುರು ಮಾಡ್ದ. 'ಜೂರಾಕಾನ್, ಈತ ಹುಲ್ಲು ಮೇಯೋಕೆ ಹೊರಟಿದ್ದಾನಲ್ಲಮ್ಮ' ಅಂದ."

ಆ ಮುದುಕರೇ ಚೀಲದಲ್ಲಿ ಮೂಳೆ ತುಂಬಿ, ಇವರ ಕಣ್ಣಿಗೆ ಶಾಲು ಕಟ್ಟಿ, ಮುಟ್ಟಿ ಹೇಳಲು ಕಲಿಸಿದರು. ಎಡವೋ ಬಲವೋ ತಿಳಿಯದಿದ್ದರೆ ತಮ್ಮದೇ ಮೈಗೆ ಹಿಡಿದು ನೋಡಬೇಕು. ಈಗ ವಿಶ್ವವಿದ್ಯಾಲಯದಿಂದ ಬರುವ ವಿದ್ಯಾರ್ಥಿಗಳಿಗೆ ಜೂರಾಕಾನ್ ಹೇಳಿಕೊಡುವುದೂ ಅದನ್ನೇ. ಮನುಷ್ಯನಲ್ಲಿ ಇನ್ನೂರ ಆರು ಮೂಳೆ. ಕೈ ಪಾದಗಳಲ್ಲೇ ನೂರ ಆರು. ದಿನಕ್ಕೆ ನೂರಿಪ್ಪತ್ತು ತೊಳೆಯುತ್ತಾರೆ, ಹಲ್ಲುಜ್ಜುವ ಮೆತ್ತನೆಯ ಬ್ರಷ್ಷಿನಲ್ಲಿ, ಹಸುಗೂಸಿನ ಕಿವಿ ಒರೆಸುವಷ್ಟು ನಿಧಾನವಾಗಿ. ಕಚೇರಿಯ ಕಾಗದದಲ್ಲಿ ಅವರು ಇವತ್ತಿಗೂ ನೆಲ ಒರೆಸುವವರು. ಯಾವ ವರದಿಯಲ್ಲೂ ಅವರ ಹೆಸರಿಲ್ಲ.

ಒಂಬತ್ತಕ್ಕೆ ಈಗಿನ ಮುಖ್ಯಸ್ಥ ಎರ್ಮೆಕ್ ಬರುತ್ತಾರೆ. ಅವರು ಕೋಟು ಬಿಚ್ಚುವ ಮೊದಲೇ ಜೂರಾಕಾನ್ ಅವರೆದುರಿಗೆ ಬಂದು ನಿಲ್ಲುತ್ತಾರೆ.

"ತಪ್ಪಾಗಿದೆ. ನಂದೇ."

"ಮತ್ತೆ ನನ್ನ ಚಹಾ ಬಟ್ಟಲು ಒಡೆದ್ರಾ ಎಜೆ?" ಎಜೆ ಎಂದರೆ ಅಕ್ಕ, ಇಲ್ಲಿ ಎಲ್ಲರೂ ಅವರನ್ನು ಕರೆಯುವುದು ಹಾಗೆಯೇ.

"ಚೀಲದಲ್ಲಿ ಬಂದಿದ್ದು ಇಬ್ಬರಲ್ಲ. ಮೂವರು."

ಎರ್ಮೆಕ್ ಆ ಮೂಳೆಯನ್ನು ತಿರುಗಿಸಿ ನೋಡುತ್ತಾರೆ. "ಕುರಿಮರಿದಿರಬಹುದು."

"ಕುರಿದಾದ್ರೆ ಎರಡು ತುದಿಗೂ ರಾಟೆ ಥರ ತೋಡು ಇರತ್ತೆ. ಇದಕ್ಕೆ ಮೇಲೊಂದೇ. ಮುಂದೆ ನೋಡಿ, ಗುಂಡು ತಲೆ. ಇದು ಎರಡು ಕಾಲಲ್ಲಿ ನಡೆದ ಮೂಳೆ. ದೊಡ್ಡವರಿಬ್ಬರ ಎಡ, ಬಲ, ನಾಲ್ಕೂ ಮೇಜಿನ ಮೇಲಿವೆ. ಇದು ಐದನೇದು, ಪುಟ್ಟದು. ಚುಕೊ ಜೊತೆ ಮಣ್ಣು ಮೆತ್ಕೊಂಡು ಬಂತು, ಚುಕೊ ಅಂತ ತೊಳೆದು ಆ ಡಬ್ಬಿಗೇ ಹಾಕ್ಬಿಟ್ಟೆ. ನಮ್ಮೋರ ಅಂಗೈಗೆ ಆ ಗಾತ್ರದ್ದು ಸಿಕ್ರೆ ಬೇರೇನು ಹೊಳೆಯತ್ತೆ?"

ಎರ್ಮೆಕ್ ಮೇಜಿನ ಮೇಲಿನ ನಾಲ್ಕರ ಪಕ್ಕಕ್ಕೆ ಐದನೆಯದನ್ನು ಇಟ್ಟು ಹೋಲಿಸಿ ನೋಡುತ್ತಾರೆ. "ಹೌದು ಎಜೆ. ಆದ್ರೆ ಇದೊಂದನ್ನೇ ಹಿಡ್ಕೊಂಡು ಊರಿನವರಿಗೆ ಏನು ಹೇಳೋದು? ಎಷ್ಟು ವರ್ಷದ ಮಗು ಅಂತ ಕೇಳ್ತಾರೆ. ಇನ್ನೇನಾದ್ರೂ ಬೇಕು."

"ಮಣ್ಣಿದೆಯಲ್ಲ," ಎನ್ನುತ್ತಾರೆ ಜೂರಾಕಾನ್.

ಮೂಳೆ ತೊಳೆದ ಮಣ್ಣನ್ನು ಅವರು ಎಂದೂ ಚೆಲ್ಲುವುದಿಲ್ಲ. ನಾಲ್ಕು ಚೀಲಗಳದ್ದು ಐದು ಟಬ್ಬುಗಳಲ್ಲಿ ಒಣಗಿ ಅಂಗಳದಲ್ಲಿ ಕೂತಿದೆ. ಮನೆಯಿಂದ ತಂದ ಹಿಟ್ಟಿನ ಜರಡಿ ಹಿಡಿದು ಕೂರುತ್ತಾರೆ. ವಿದ್ಯಾರ್ಥಿಗಳೂ ಹೊರಗೆ ಬರುತ್ತಾರೆ.

"ಎಜೆ, ಇವತ್ತು ನಮಗೆ ಮಣ್ಣಿನ ರೊಟ್ಟಿನಾ?" ಎಂದು ಮೇರಿಮ್ ಎಂಬ ಹುಡುಗಿ ಕೇಳುತ್ತಾಳೆ.

"ನಿನ್ನ ಬಾಯಿಗೆ ಅದೇ ಸರಿ. ಬಾ, ಜರಡಿ ಹಿಡಿ."

ಒಂದು ಟಬ್ಬು ಮುಗಿಯುತ್ತದೆ, ಏನೂ ಇಲ್ಲ. ಎರಡು, ಏನೂ ಇಲ್ಲ. ಚಹಾ ಆರಿ ಹೋಗುತ್ತದೆ. ಬೆರಳುಗಳು ಚಳಿಗೆ ಸೆಟೆಯುತ್ತವೆ, ಆದರೆ ಯಾರೂ ಒಳಗೆ ಹೋಗುತ್ತಿಲ್ಲ. ಮಧ್ಯಾಹ್ನ ಹನ್ನೆರಡೂವರೆಗೆ, ಮೂರನೆಯ ಟಬ್ಬಿನ ತಳದಲ್ಲಿ, ಜರಡಿಯೊಳಗೆ ಏನೋ ಟಿಕ್ಕೆನ್ನುತ್ತದೆ. ಜೂರಾಕಾನ್ ಕೈ ಎತ್ತುತ್ತಾರೆ.

ಸವೆದ ಪುಟ್ಟ ದವಡೆಹಲ್ಲು. ಅದರ ಹಿಂದೆಯೇ ಇನ್ನೊಂದು, ತಲೆಯಷ್ಟೇ ಇದೆ, ಬೇರು ಇನ್ನೂ ಮೂಡಿಲ್ಲ.

"ಇದು ಹಾಲುಹಲ್ಲು. ರೊಟ್ಟಿ ಅಗಿದು ಅಗಿದು ಸವೆಸಿದೆ," ಎಂದು ಅಂಗೈ ಚಾಚಿ ತೋರಿಸುತ್ತಾರೆ. "ಇದು ದೊಡ್ಡ ಹಲ್ಲು. ದವಡೆ ಒಳಗೇ ಬೆಳೀತಿತ್ತು, ಹೊರಗೆ ಬಂದೇ ಇಲ್ಲ." ಕೋಟಿಲ್ಲದೆ ಓಡಿ ಬಂದ ಎರ್ಮೆಕ್ ಯಾವ ವಯಸ್ಸಿಗೆ ಯಾವ ಹಲ್ಲು ಎಂಬ ಪಟ್ಟಿಯನ್ನು ಮೊಣಕಾಲ ಮೇಲಿಟ್ಟು ಹೋಲಿಸುತ್ತಾರೆ. ಆರು ವರ್ಷ, ಒಂದು ಹೆಚ್ಚು, ಇಲ್ಲವೇ ಒಂದು ಕಮ್ಮಿ. ಮೇರಿಮ್ ಜೂರಾಕಾನರ ಮಣ್ಣುಗೆನ್ನೆಗೆ ಮುತ್ತಿಡುತ್ತಾಳೆ. "ಬಿಡೇ, ಇನ್ನೂ ಎರಡು ಟಬ್ ಇದೆ," ಎಂದು ಅವರು ಗದರುತ್ತಾರೆ.

ಶುಕ್ರವಾರ ಹಳ್ಳಿಯಿಂದ ಶೈಲೋ ಎಂಬ ಹಿರಿಯರು ಮೂವರು ಗಂಡಸರೊಂದಿಗೆ ಬರುತ್ತಾರೆ. ಕಂಕುಳಲ್ಲಿ ಎರಡು ಬಟ್ಟೆಗಂಟು. ಎರ್ಮೆಕ್ ಬಾಯಿ ತೆರೆಯುವಷ್ಟರಲ್ಲಿ ಜೂರಾಕಾನ್ ತಡೆಯುತ್ತಾರೆ. "ನಾನೇ ಹೇಳ್ತೀನಿ, ತಪ್ಪು ನಂದು. ಅತಾ, ಒಂದು ಮಗುವೂ ಇದೆ. ಚುಕೊ ಅಂದ್ಕೊಂಡು ಡಬ್ಬಿಗೆ ಹಾಕಿದ್ದೆ."

ಅತಾ ಎಂದರೆ ತಂದೆ, ಹಿರಿಯರನ್ನು ಇಲ್ಲಿ ಕರೆಯುವುದು ಹಾಗೆ. ಅಜ್ಜ ಟೋಪಿ ಸರಿಪಡಿಸಿಕೊಳ್ಳುತ್ತಾರೆ. "ಅಲ್ಲಮ್ಮಾ, ಆ ಚೀಲ ತುಂಬಿದ್ದು ನಾನೇ. ಆ ಮೂಳೇನ ನಾನೂ ಚುಕೊ ಅಂತಲೇ ಎತ್ತಿಟ್ಟಿರ್ತೀನಿ." ಆಮೇಲೆ ಕೇಳುತ್ತಾರೆ: "ಎಷ್ಟೆತ್ತರ?"

ಜೂರಾಕಾನ್ ತಮ್ಮ ಎದೆಯ ಕೆಳಗೆ ಅಂಗೈ ಹಿಡಿದು ತೋರಿಸುತ್ತಾರೆ.

"ಗಂಡೋ, ಹೆಣ್ಣೋ? ಗಂಡಾದ್ರೆ ಮೂರು ತುಂಡು ಬಟ್ಟೆ, ಹೆಣ್ಣಾದ್ರೆ ಐದು."

"ಈ ವಯಸ್ಸಿನ ಮೂಳೆ ಅದನ್ನ ಹೇಳಲ್ಲ ಅತಾ. ನಾನು ಊಹಿಸಿ ಹೇಳಲಾರೆ."

ಅಜ್ಜ ಕಿಟಕಿಯಾಚೆ ನೋಡುತ್ತಾರೆ. ಬೆಟ್ಟದ ಮೇಲೆ ಹೊಸ ಹಿಮ ಬಿದ್ದಿದೆ. "ಐದೇ ಇರಲಿ," ಎನ್ನುತ್ತಾರೆ. "ಚಳಿ ಶುರುವಾಯ್ತು." ಒಬ್ಬಾತನನ್ನು ಬಟ್ಟೆ ತರಲು ಪೇಟೆಗೆ ಅಟ್ಟುತ್ತಾರೆ, ಇನ್ನೊಬ್ಬನಿಗೆ ಊರಿಗೆ ಫೋನ್ ಮಾಡಿ ಮೂರನೆಯ ಗುಂಡಿ ತೋಡಿಸಲು ಹೇಳುತ್ತಾರೆ.

ಎರ್ಮೆಕ್ ತಿದ್ದಿದ ವರದಿಯನ್ನು ಜೂರಾಕಾನರತ್ತ ತಿರುಗಿಸಿ, ಕೊನೆಯ ಸಾಲನ್ನು ಬೆರಳಿಂದ ತೋರಿಸಿ, ಪೆನ್ನು ಕೊಡುತ್ತಾರೆ. ಗುರುತಿಸಿದವರು ಎಂಬ ಪದದ ಮುಂದೆ ಖಾಲಿ ಜಾಗವಿದೆ. ಕೈಯನ್ನು ಎರಡು ಸಲ ಮೇಲಂಗಿಯ ಅಂಚಿಗೆ ಒರೆಸಿಕೊಂಡು, ದೊಡ್ಡ ದೊಡ್ಡ ಅಕ್ಷರಗಳಲ್ಲಿ ಅವರು ಹೆಸರು ಬರೆಯುತ್ತಾರೆ. ಆಮೇಲೆ ಡಬ್ಬಿಯ ಚೀಟಿಯ ಮೇಲಿನ ಇಪ್ಪತ್ತಮೂರನ್ನು ಹೊಡೆದು ಇಪ್ಪತ್ತೆರಡು ಮಾಡಿ, ಚುಕೊಗಳನ್ನೆಲ್ಲ ಮಗುವಿನ ಗಂಟಿನ ಪಕ್ಕಕ್ಕೆ ಇಡುತ್ತಾರೆ.

ಹೆಸರು ಬರೆದದ್ದು ಖುಷಿಯಾಯಿತೇ ಎಂದು ನಾನು ಕೇಳಿದರೆ, ಆಯಿತು ಎಂಬಂತೆ ತಲೆಯಾಡಿಸುತ್ತಾರೆ. ಅವರ ಕಣ್ಣು ಡಬ್ಬಿಯ ಮೇಲೇ ಇದೆ.

"ಮೂರು ವಾರ ಇವನ್ನ ತೊಳೆದೆ, ಒಣಗಿಸ್ದೆ, ಎಣಿಸ್ದೆ. ಯಾರು ಆಡ್ತಿದ್ರು ಅಂತ ಒಂದ್ಸಲಾನೂ ಕೇಳ್ಲಿಲ್ಲ. ಇನ್ಮೇಲೆ ಮೊದಲು ಅದನ್ನ ಕೇಳ್ತೀನಿ."