ಸಪೂರ ಎಂಬ ಮಾತು

ಮೊನ್ನೆ ಕಾಪು ಪೇಟೆಯಲ್ಲಿ ಅಕ್ಕ ಎದುರಾದಾಗ ‘ಸಪೂರ ಆಗಿದ್ದೀಯಲ್ಲ’ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದು ನಿಂತಿತು. ನೀವು ನಮ್ಮ ಕಡೆಯವರಾದರೆ ಗೊತ್ತಿರುತ್ತದೆ, ನಮ್ಮಲ್ಲಿ ಇದು ನಮಸ್ಕಾರಕ್ಕೆ ಸಮ. ಎದುರಿನವರು ತೆಳ್ಳಗಾಗಿದ್ದರೆ ಸಪೂರ, ಇಲ್ಲದಿದ್ದರೆ ದಪ್ಪ. ಇದ್ದ ಹಾಗೆಯೇ ಇರುವ ಸೌಕರ್ಯವನ್ನು ನಾವು ಯಾರಿಗೂ ಕೊಟ್ಟಿಲ್ಲ. ಆದರೂ ನಾನು ಆ ಮಾತನ್ನು ನುಂಗಿಕೊಂಡೆ. ಕಾರಣ, ಭಾವ.

ಇನ್ನಂಜೆಯ ಭಾವ, ಅಂದರೆ ಅಕ್ಕನ ಗಂಡ, ಕಾರ್ಕಳದ ದಾರಿಯಲ್ಲಿ ಬಸ್ಸು ಓಡಿಸುತ್ತಿದ್ದವರು. ಹೊಟ್ಟೆ ಸ್ಟೇರಿಂಗಿಗೆ ತಾಗುತ್ತಿತ್ತು. ತಿರುವಿನಲ್ಲಿ ಅದೂ ಸ್ವಲ್ಪ ಸಹಾಯ ಮಾಡುತ್ತದೆ ಎನ್ನುತ್ತಿದ್ದರು. ಶ್ವಾಸಕೋಶದ ಕ್ಯಾನ್ಸರ್ ಹರಡಿದ ಮೇಲೆ ಮೊದಲು ಆ ಹೊಟ್ಟೆ ಹೋಯಿತು, ಆಮೇಲೆ ತೋಳು, ತೊಡೆ. ನೋಡಲು ಬಂದವರು ಬಾಗಿಲಲ್ಲೇ, “ಸಪೂರ ಆಗಿದ್ದೀರಲ್ಲ, ಊಟ ಸರಿ ಮಾಡುವುದಿಲ್ವಾ?” ಎನ್ನುತ್ತಿದ್ದರು. ಕೇಳುತ್ತಿದ್ದುದು ಭಾವನನ್ನು, ನೋಡುತ್ತಿದ್ದುದು ಅಕ್ಕನನ್ನು.

ಅಕ್ಕ ಹಠಕ್ಕೆ ಬಿದ್ದಳು. ಗಂಜಿಗೆ ತುಪ್ಪ, ಮೊಟ್ಟೆ, ಬಂಗುಡೆ ಸಾರು. ಭಾವನಿಗೆ ಒಗ್ಗರಣೆಯ ವಾಸನೆಯೇ ಆಗುತ್ತಿರಲಿಲ್ಲ. ಎರಡು ತುತ್ತಿಗೆ ಸಾಕು ಎಂದರೆ ಅವಳು ಮೂರನೆಯದನ್ನು ಹಿಡಿದು ನಿಲ್ಲುತ್ತಿದ್ದಳು. ಉಳಿದದ್ದು, ಸಹಾಯಕ್ಕೆಂದು ಅಲ್ಲೇ ಇದ್ದ ನನ್ನ ಪಾಲಿಗೆ. ಆ ಮನೆಯ ಕಾಯಿಲೆಯಲ್ಲಿ ದಪ್ಪ ಆದವನು ನಾನೊಬ್ಬನೇ.

ಕೊನೆಗೊಮ್ಮೆ ಮಣಿಪಾಲದಲ್ಲಿ ಡಾಕ್ಟರ ಎದುರು ಅಕ್ಕ ಅತ್ತುಬಿಟ್ಟಳು. “ನನ್ನ ಅಡಿಗೆಯಲ್ಲಿ ಎಂತ ಕಮ್ಮಿ ಉಂಟು ಹೇಳಿ ಮೇಡಂ.”

“ಎಂತದೂ ಕಮ್ಮಿ ಇಲ್ಲ ಅಮ್ಮ. ಈ ಕಾಯಿಲೆ ಹಸಿವನ್ನೂ ಕೊಲ್ಲುತ್ತದೆ, ಮೈಯ ಮಾಂಸವನ್ನೂ ಕರಗಿಸುತ್ತದೆ. ಊಟ ಹೆಚ್ಚು ಮಾಡಿದರೆ ಅದು ನಿಲ್ಲುವುದಿಲ್ಲ. ಅವರಿಗೆ ಬೇಕೆನಿಸಿದ್ದನ್ನು ಬೇಕೆನಿಸಿದಾಗ ಸ್ವಲ್ಪ ಸ್ವಲ್ಪ ಕೊಡಿ. ವಾಂತಿ, ಬಾಯಿಹುಣ್ಣು ಇದ್ದರೆ ನಮಗೆ ಹೇಳಿ, ಮದ್ದು ಉಂಟು. ಒತ್ತಾಯ ಮಾತ್ರ ಬೇಡ.”

ಭಾವ ಸಂದರ್ಭ ಬಿಡಲಿಲ್ಲ. “ಹಾಗಾದರೆ ನನಗೆ ಗಡ್‌ಬಡ್ ಆಗಬಹುದು” ಎಂದರು. ಉಡುಪಿಗೆ ಇಳಿದು, ಆ ಎತ್ತರದ ಗ್ಲಾಸಿನ ಐಸ್‌ಕ್ರೀಮಿನಲ್ಲಿ ಎರಡು ಚಮಚ ತಿಂದು, ಗ್ಲಾಸನ್ನು ಅಕ್ಕನ ಕಡೆಗೆ ಸರಿಸಿದರು. ಅವಳು ಮೂರನೆಯ ಚಮಚವನ್ನು ಅವರತ್ತ ಎತ್ತಿದಳು, ಒಂದು ಕ್ಷಣ ನೋಡಿದಳು, ತನ್ನ ಬಾಯಿಗೆ ಹಾಕಿಕೊಂಡಳು. ಆಮೇಲೆ ಭಾವ ದಪ್ಪವೇನೂ ಆಗಲಿಲ್ಲ. ಆದರೆ ಊಟದ ಹೊತ್ತಿಗೆ ನಿದ್ದೆ ನಟಿಸುವುದನ್ನು ಬಿಟ್ಟರು. ಮಳೆಗಾಲ ಮುಗಿಯುವ ಮೊದಲು ಹೋದರು. ಈಗಲೂ ಕಾರ್ಕಳದ ಬಸ್ಸು ಹತ್ತುವಾಗ ನನಗೆ ಡ್ರೈವರನ ಹೊಟ್ಟೆ ನೋಡದೆ ಸಮಾಧಾನವಿಲ್ಲ.

“ಬಾ ಅಕ್ಕ, ಗಡ್‌ಬಡ್ ತಿನ್ನುವ” ಎಂದೆ ಮೊನ್ನೆ. ಅವಳು ಗ್ಲಾಸಿನ ತಳದವರೆಗೂ ತಿಂದಳು.

“ಅವರು ಇಷ್ಟು ತಿಂದಿದ್ದರೆ...” ಎಂದಳು. ಖಾಲಿ ಗ್ಲಾಸನ್ನು ಬದಿಗೆ ಸರಿಸಿದಳು. “ತಿಂದಿದ್ದರೂ ಅಷ್ಟೇ, ಅಲ್ವಾ?”

“ಅಷ್ಟೇ ಅಕ್ಕ” ಎಂದೆ.