ಎ ಸೈಡಿನ ಕೊನೆಯ ಹಾಡು

ಮೊನ್ನೆ ಕಳಸದ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದಾಗ, ಹೊರಡಲು ಸಿದ್ಧವಾಗಿದ್ದ ಬಸ್ಸೊಂದರಿಂದ ಊದುಬತ್ತಿಯ ವಾಸನೆ ಮತ್ತು ಡೀಸೆಲ್ ಹೊಗೆ ಒಟ್ಟಿಗೆ ಮೂಗಿಗೆ ಬಡಿಯಿತು. ಬೇರೆಯವರಾದರೆ ಮೂಗು ಮುಚ್ಚಿಕೊಳ್ಳುತ್ತಿದ್ದರು. ನಾನು ಇನ್ನಷ್ಟು ಹತ್ತಿರ ಹೋಗಿ ನಿಂತೆ. ನನ್ನ ಮೊದಲ ಕ್ಯಾಸೆಟ್ಟಿಗೂ ಇದೇ ವಾಸನೆ ಇತ್ತು... ಅದನ್ನು ನಾನು ಕೇಳಿದ್ದೆಲ್ಲ ಬಸ್ಸಿನಲ್ಲೇ.

ತೊಂಬತ್ತೈದೋ ತೊಂಬತ್ತಾರೋ ಇರಬೇಕು. ನಾನಾಗ ಒಂಬತ್ತನೇ ಕ್ಲಾಸು. ಅಪ್ಪ ಸಂಸೆ ಹತ್ತಿರದ ಎಸ್ಟೇಟಿನಲ್ಲಿ ಮೇಸ್ತ್ರಿ, ಆಳುಗಳ ಕೆಲಸ ನೋಡಿಕೊಳ್ಳುತ್ತಿದ್ದರು. ಕೊಯ್ಲು ಮುಗಿದ ಮೇಲೆ ಗಿಡದ ಬುಡದಲ್ಲಿ ಉದುರಿದ ಕಾಫಿ ಹೆಕ್ಕಿ ಮಾರಿದರೆ ಆ ದುಡ್ಡು ಮಕ್ಕಳದೇ. ಅಪ್ಪನ ಜೊತೆ ಮೂಡಿಗೆರೆಗೆ ಕಣ್ಣು ತೋರಿಸಲು ಹೋದವಳು ಆ ದುಡ್ಡಿನಲ್ಲಿ ಒಂದು ಭಾವಗೀತೆಯ ಕ್ಯಾಸೆಟ್ ಕೊಂಡುಬಿಟ್ಟೆ. ಅಂಗಡಿಯವರು ಒಂದು ಹಾಡು ಹಾಕಿ ಕೇಳಿಸಿದ್ದೇ ತಪ್ಪಾಯಿತು. ಬಸ್ಸು ಹತ್ತಿದ ಮೇಲೆ ಅಪ್ಪ ಮೆಲ್ಲಗೆ ಕೇಳಿದರು, "ಅಲ್ಲ ಮಗ, ನಮ್ಮನೇಲಿ ಟೇಪ್ ಎಲ್ಲುಂಟು?"

ಮನೆಯಲ್ಲಿದ್ದದ್ದು ಬರೀ ರೇಡಿಯೊ. ಅದು ನನಗೆ ಗೊತ್ತಿರಲಿಲ್ಲವೆಂದಲ್ಲ. ಆಸೆಯ ಮುಂದೆ ಬುದ್ಧಿ ಓಡಲಿಲ್ಲ, ಅಷ್ಟೆ. ನಾಲ್ಕು ದಿನ ಕವರಿನ ಮೇಲಿನ ಹಾಡುಗಳ ಪಟ್ಟಿಯನ್ನೇ ಓದಿಕೊಂಡಿದ್ದೆ. ಐದನೆಯ ದಿನ ಸಂಜೆ, ಸ್ಕೂಲು ಬಿಟ್ಟು ಬಸ್ಸು ಹತ್ತಿದವಳು ನೇರ ಡ್ರೈವರಣ್ಣನ ಹತ್ತಿರ ಹೋಗಿ ಕ್ಯಾಸೆಟ್ ಚಾಚಿದೆ.

ಟೇಪಿನ ವಿಷಯದಲ್ಲಿ ಅವರು ಯಾರ ಮಾತೂ ಕೇಳುವವರಲ್ಲ. ಬೆಳಿಗ್ಗೆ ದೇವರ ಹಾಡು, ಸಂಜೆ ಸೀಟು ಅದುರುವಂಥ ಸಿನಿಮಾ ಹಾಡು. ಬಸ್ಸಿನ ಓನರ್ ತಮ್ಮನೇ ಒಂದು ಕ್ಯಾಸೆಟ್ ತಂದುಕೊಟ್ಟಾಗ, "ಇದು ನಮ್ಮ ಟೇಪಿಗೆ ಒಗ್ಗಲ್ಲ" ಎಂದು ವಾಪಸ್ಸು ಕೊಟ್ಟಿದ್ದರಂತೆ.

"ಎಂತದಿದು?"

"ಭಾವಗೀತೆ. ಮನೇಲಿ ಟೇಪಿಲ್ಲ, ಅಣ್ಣ."

ನನ್ನನ್ನೊಮ್ಮೆ, ಕ್ಯಾಸೆಟ್ಟನ್ನೊಮ್ಮೆ ನೋಡಿ ಒಳಗೆ ತಳ್ಳಿದರು. ಎರಡು ನಿಮಿಷವಾಗಿರಲಿಲ್ಲ, ಹಿಂದಿನ ಸೀಟಿನಿಂದ ಒಬ್ಬರು ಕೂಗಿದರು, "ಎಂತ ಮಾರಾಯ, ಯಾರಾದ್ರೂ ಸತ್ತಿದಾರಾ?" ಡ್ರೈವರಣ್ಣ ತಿರುಗಿಯೂ ನೋಡದೆ ಹೇಳಿದರು: "ಟಿಕೆಟ್ ತಗೊಂಡಿದ್ದು ಬಸ್ಸಿಗೆ, ಹಾಡಿಗಲ್ಲ. ಸುಮ್ನೆ ಕೂತ್ಕೊ."

ಒಂದೇ ತೊಂದರೆ. ಅಂಗಡಿಯಲ್ಲಿ ಕೇಳಿ ಮರುಳಾದ ಹಾಡು ಎ ಸೈಡಿನ ಕೊನೆಯದು. ಅದು ಅರ್ಧ ಆಗುವಷ್ಟರಲ್ಲಿ ನಮ್ಮ ಎಸ್ಟೇಟ್ ಗೇಟು ಬಂದುಬಿಡುತ್ತಿತ್ತು. ಆ ಮೊದಲ ದಿನ ಮೆಟ್ಟಿಲ ಮೇಲೆ ಇಳಿಯಲಾರದೆ ನಿಂತೆ. "ಇಳಿ ಮಾರಾಯ್ತಿ, ಹಿಂದಿನ ಬಸ್ಸು ಬಂತು" ಎಂದು ಕಂಡಕ್ಟರ್ ಅವಸರ ಮಾಡಿದರು. ಡ್ರೈವರಣ್ಣ ಎಂಜಿನ್ ಆಫ್ ಮಾಡಿದರು. "ಇರು. ಮುಗೀಲಿ."

ಬಸ್ಸಿಗೆ ಬಸ್ಸೇ ಕೂತು ಆ ಹಾಡು ಕೇಳಿತು. ಮಾರನೆಯ ದಿನವೂ ಹಾಗೇ, ಅದರ ಮಾರನೆಯ ದಿನವೂ. ಮನೆಗೆ ಒಯ್ದು ಏನು ಮಾಡಲಿ ಎಂದು ಕ್ಯಾಸೆಟ್ಟನ್ನು ಅವರ ಹತ್ತಿರವೇ ಬಿಟ್ಟಿದ್ದೆ. ನಿಂತ ಬಸ್ಸಿನಲ್ಲಿ ಅವರು ಸ್ಟೀರಿಂಗಿನ ಮೇಲೆ ಬೆರಳಾಡಿಸುತ್ತಾ ಗುನುಗುತ್ತಿದ್ದರು; ತಾಳ ಮಾತ್ರ ಒಂದು ದಿನವೂ ಸರಿಯಾಗಿ ಬೀಳಲಿಲ್ಲ. ಹಿಂದಿನ ಸೀಟಿನಿಂದ ಕೂಗಿದ್ದವರೂ ಕೊನೆಕೊನೆಗೆ ಪಲ್ಲವಿಗೆ ದನಿ ಸೇರಿಸತೊಡಗಿದ್ದರು. ಅಷ್ಟು ಜನರನ್ನು ಕಾಯಿಸಿ ಇಳಿಯುವಾಗ ನನಗೆ ಬರುತ್ತಿದ್ದ ಜಂಬ ಇದೆಯಲ್ಲ, ಎಸ್ಟೇಟ್ ಓನರ್ ಮಗಳಿಗೂ ಇದ್ದಿರಲಾರದು.

ಮೂರು ತಿಂಗಳಾಗಿರಬಹುದು... ಒಂದು ಸೋಮವಾರ ಬೇರೆ ಡ್ರೈವರ್ ಕೂತಿದ್ದರು. ಕಂಡಕ್ಟರನ್ನು ಕೇಳಿದರೆ "ಬದಲಿ ಆಯ್ತು" ಎಂದಷ್ಟೇ ಹೇಳಿ ಟಿಕೆಟ್ ಹರಿಯಲು ಹೋದರು. ಟೇಪಿನ ಪಕ್ಕದ ಡಬ್ಬಿಯಲ್ಲಿ ಹುಡುಕಿದೆ. ನನ್ನ ಕ್ಯಾಸೆಟ್ ಇರಲಿಲ್ಲ. ಅವತ್ತು ಗೇಟಿನಿಂದ ಮನೆಯವರೆಗೆ ಅತ್ತುಕೊಂಡು ಹೋದೆ. ಹೇಳದೇ ಹೋದರಲ್ಲ ಎಂದು ಅತ್ತೆನೋ, ಕ್ಯಾಸೆಟ್ಟಿಗಾಗಿ ಅತ್ತೆನೋ, ಈಗ ಹೇಳಲಾರೆ.

ಅಳು ನಿಂತ ಮೇಲೆ ಅದು ಕಥೆಯಾಯಿತು. ಚಿಕ್ಕಮಗಳೂರಿನ ಹಾಸ್ಟೆಲಿನಲ್ಲಿ, ಆಮೇಲೆ ಗಂಡನ ಮನೆಯಲ್ಲಿ, ನೆಂಟರ ಮದುವೆಗಳಲ್ಲಿ ಕ್ಯಾಸೆಟ್ ಕದ್ದ ಡ್ರೈವರನ ಕಥೆ ಹೇಳದೆ ಬಿಟ್ಟವಳಲ್ಲ. ತಾಳ ತಪ್ಪಿ ಗುನುಗುತ್ತಾ ಕ್ಯಾಸೆಟ್ಟನ್ನು ಜೇಬಿಗೆ ಇಳಿಸುವುದನ್ನು ಮಾಡಿಯೂ ತೋರಿಸುತ್ತಿದ್ದೆ. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಮಗಳು ಚಿಕ್ಕವಳಿದ್ದಾಗ ಊಟ ಮಾಡದೆ ಹಟ ಹಿಡಿದರೆ ಇದೇ ಕಥೆ ಬೇಕಾಗುತ್ತಿತ್ತು.

ಮೊನ್ನೆ ಬಸ್ ಸ್ಟ್ಯಾಂಡಿನಲ್ಲಿ ನನ್ನ ಗುರುತು ಹಿಡಿದು ಮಾತಾಡಿಸಿದ್ದು ಅದೇ ಕಂಡಕ್ಟರ್. ತಲೆ ಪೂರ್ತಿ ಬೆಳ್ಳಗಾಗಿದೆ.

"ನೀವು ಮೇಸ್ತ್ರಿ ಮಗಳಲ್ವಾ? ಹಾಡು ಮುಗಿಯೋ ತನ್ಕ ಇಳೀದೆ ನಿಲ್ತಿದ್ದೋರು?"

"ಹೌದು. ನಿಮ್ಮ ಡ್ರೈವರು ನನ್ನ ಕ್ಯಾಸೆಟ್ ಹೊತ್ಕೊಂಡು ಹೋದ್ರಲ್ಲ" ಎಂದು ನಕ್ಕೆ.

ಅವರು ನಗಲಿಲ್ಲ. "ಅವ್ರು ಒಯ್ಯಲಿಲ್ಲ ಮಾರಾಯ್ರೆ. ಹೋಗೋ ದಿನ ನನ್ ಕೈಲಿ ಕೊಟ್ಟು, ಹುಡುಗಿಗೆ ಮುಟ್ಟಿಸು ಅಂದಿದ್ರು. ನಂಗಾಗ ಹೊಸದಾಗಿ ಮದುವೆ ಆಗಿತ್ತು. ಎರಡು ದಿನ ಮನೇಲಿ ಕೇಳಿ ಕೊಡೋಣ ಅಂತ ಒಯ್ದೆ... ಆಮೇಲೆ ನಿಮ್ಮ ಮುಖ ನೋಡಿ ಕೊಡೋಕೆ ಆಗ್ಲಿಲ್ಲ."

ಬದಲಿ ಯಾಕೆ ಮಾಡಿದರು ಎಂದು ಕೇಳಿದೆ.

"ದಿನಾ ಲೇಟಾಗ್ತಿತ್ತಲ್ಲ, ಹಿಂದಿನ ಬಸ್ಸಿನೋರು ಕಂಪ್ಲೇಂಟ್ ಕೊಟ್ರು. ಓನರ್ ಕೇಳಿದಾಗ ಇವ್ರು ಗಾಡಿ ಎಳೀತಿಲ್ಲ ಅಂದ್ರು. ಹಾಡಿನ ವಿಷ್ಯ ಬಾಯೇ ಬಿಡ್ಲಿಲ್ಲ. ದೂರದ ರೂಟಿಗೆ ಹಾಕಿದ್ರು, ಮನೆಗೆ ಬರೋದು ವಾರಕ್ಕೊಂದು ದಿನ."

"ಈಗ ಎಲ್ಲಿದಾರೆ?"

"ತೀರಿಕೊಂಡು ನಾಲ್ಕು ವರ್ಷ ಆಯ್ತಲ್ಲ."

ಕಂಡಕ್ಟರ್ ಮೇಲೆ ಸಿಟ್ಟು ಮಾಡಿಕೊಳ್ಳಲು ಹೋದೆ, ಆಗಲಿಲ್ಲ. ಮನೆಗೆ ಬಂದು ಮಗಳನ್ನು ಎದುರಿಗೆ ಕೂರಿಸಿಕೊಂಡು, ಆ ಡ್ರೈವರಣ್ಣನ ಕಥೆ ಇದೆಯಲ್ಲ ಎಂದು ಶುರುಮಾಡಿದೆ. "ಗೊತ್ತಮ್ಮ, ನೂರು ಸಲ ಹೇಳಿದೀಯ" ಎಂದು ಆಗಲೇ ನಗತೊಡಗಿದಳು. ಅವಳ ನಗು ನಿಲ್ಲಿಸಲು ನನಗೆ ಬಹಳ ಹೊತ್ತು ಬೇಕಾಯಿತು.

ಮಗಳಿಗೇನೋ ಹೇಳಿದೆ. ಹಾಸ್ಟೆಲಿನ ಗೆಳತಿಯರು ಈಗ ಎಲ್ಲೆಲ್ಲಿದ್ದಾರೋ. ಮದುವೆಮನೆಗಳಲ್ಲಿ ನಕ್ಕವರ ಮುಖವೂ ನನಗೆ ನೆನಪಿಲ್ಲ. ಅವರಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಕೇಳಿ, ಡ್ರೈವರಣ್ಣ ನನ್ನ ಕ್ಯಾಸೆಟ್ ಕದ್ದಿರಲಿಲ್ಲ.